ಚೀಲ ಮೊದಲು, ಕ್ಯಾಮೆರಾ ಆಮೇಲೆ: ಗ್ವಾಟೆಮಾಲಾದ ಸಂತೆಗಳಲ್ಲಿ ಫೋಟೊ ತೆಗೆಯುವ ಬಗೆ

ನಾನು ಗ್ವಾಟೆಮಾಲಾಕ್ಕೆ ಹೋಗಿದ್ದು ಫೋಟೊ ತೆಗೆಯುವುದಕ್ಕಲ್ಲ. ಏಲಕ್ಕಿ ನೋಡುವುದಕ್ಕೆ.

ನಮ್ಮದು ಸಕಲೇಶಪುರದ ಕಡೆ. ಚಿಕ್ಕಂದಿನಲ್ಲಿ ಏಲಕ್ಕಿ ಬುಡದಲ್ಲಿ ಕೂತು ಕಾಯಿ ಬಿಡಿಸಿದ ಕೈ ಇದು. ಆಮೇಲೆ ಅದೇ ಕೈಗೆ ಒಂದು ಸಾಂಬಾರ ಪದಾರ್ಥದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಾಯಿಯ ಬಣ್ಣ, ಗಾತ್ರ ನೋಡಿ ದರ್ಜೆ ಹೇಳುವ ಕೆಲಸ. ಜಗತ್ತಿನಲ್ಲಿ ಎಲ್ಲರಿಗಿಂತ ಜಾಸ್ತಿ ಏಲಕ್ಕಿ ಬೆಳೆಯುವವರು ನಾವಲ್ಲ, ಗ್ವಾಟೆಮಾಲಾದವರು. ಸುಮಾರು ನೂರು ವರ್ಷದ ಹಿಂದೆ ಜರ್ಮನ್ ಕಾಫಿ ಬೆಳೆಗಾರನೊಬ್ಬ ಕೊಬಾನ್ ಊರಿನ ಸುತ್ತ ಅದನ್ನು ನೆಟ್ಟ. ಈಗ ಬೆಳೆದಿದ್ದರಲ್ಲಿ ಬಹುಪಾಲು ಅರಬ್ ದೇಶಗಳಿಗೆ ಹೋಗುತ್ತದೆ. ಬೆಳೆಯುವವರ ಅಡುಗೆಮನೆಯಲ್ಲಿ ಮಾತ್ರ ಒಂದು ಕಾಯಿ ಕಾಣಲಿಲ್ಲ ನನಗೆ. ಅಲ್ಲಿ ಒಂದು ಹಂಗಾಮು ಇದ್ದು ಬಾ ಅಂತ ಕಂಪನಿ ಕಳಿಸಿತು.

ಕೊಬಾನ್‌ನಲ್ಲಿ ಬೀಳುವ ಸೋನೆ ಮಳೆಗೆ 'ಚಿಪಿ ಚಿಪಿ' ಎನ್ನುತ್ತಾರೆ. ನಮ್ಮ ಮಲೆನಾಡಿನ ಜಿಟಿಜಿಟಿ ಮಳೆಗೆ ಅಲ್ಲಿ ಸಿಕ್ಕ ಹೆಸರು ಅಷ್ಟೇ. ಭಾನುವಾರ ರಜೆ. ಕೈಯಲ್ಲಿ ಅಣ್ಣನ ಹಳೇ ಡಿಎಸ್‌ಎಲ್‌ಆರ್. ಹೊರಗೆ ಸಂತೆ. ಹೀಗೆ ಶುರುವಾಯಿತು.

ಮಧ್ಯ ಅಮೆರಿಕದ ಎಲ್ಲ ದೇಶ ನೋಡಿದವಳಲ್ಲ ನಾನು. ಗ್ವಾಟೆಮಾಲಾದ ಗುಡ್ಡಗಾಡಿನ ಸಂತೆಗಳನ್ನು ಎಂಟು ತಿಂಗಳು ಸುತ್ತಿದ್ದೇನೆ. ಬರೆಯುವುದೂ ಅಷ್ಟರ ಬಗ್ಗೆಯೇ.

ನಾನು ಮೊದಲು ಮಾಡಿದ ತಪ್ಪು

ಮೊದಲ ಸಲ ಚಿಚಿಕಾಸ್ತೆನಾಂಗೊಗೆ ಹೋದೆ. ಅಲ್ಲಿನವರು ಬರೀ 'ಚಿಚಿ' ಅನ್ನುತ್ತಾರೆ. ಗುರುವಾರ, ಭಾನುವಾರ ಸಂತೆ. ಸುಮಾರು 2000 ಮೀಟರ್ ಎತ್ತರದ ಊರು, ಮಾಯಾ ಮೂಲನಿವಾಸಿಗಳಲ್ಲಿ ಕಿಚೆ ಪಂಗಡದ ಜನ. ನನ್ನ ಹತ್ತಿರ 70-200 ಎಂಎಂ ಲೆನ್ಸ್. ನೀರಿನ ಬಾಟಲಿಯಷ್ಟು ಉದ್ದ. ದೂರದಲ್ಲಿ ನಿಂತು ತೆಗೆದರೆ ಯಾರಿಗೂ ತೊಂದರೆ ಇಲ್ಲ ಅಂದುಕೊಂಡಿದ್ದೆ.

ರಾತ್ರಿ ಕೋಣೆಯಲ್ಲಿ ಕೂತು ನೋಡಿದರೆ 600 ಫೋಟೊ. ಅದರಲ್ಲಿ ಅರ್ಧ ಬೆನ್ನುಗಳು. ಉಳಿದ ಅರ್ಧದಲ್ಲಿ ಜನ ಮುಖಕ್ಕೆ ಕೈ, ಟೊಪ್ಪಿ, ಬಟ್ಟೆ ಅಡ್ಡ ಹಿಡಿದಿದ್ದಾರೆ. ಒಂದರಲ್ಲಿ ಅಜ್ಜಿಯೊಬ್ಬರು ನೇರ ನನ್ನ ಕಡೆ ನೋಡಿ ಬೈಯುತ್ತಿದ್ದಾರೆ. ಭಾಷೆ ಗೊತ್ತಿಲ್ಲದಿದ್ದರೂ ಬೈಗುಳ ಅರ್ಥವಾಗುತ್ತದೆ ಅಲ್ವಾ?

ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೊಗಳನ್ನು ನೋಡಿ ಬೆಳೆದವಳು ನಾನು. ಅವುಗಳಲ್ಲಿ ಜನ ತಮ್ಮ ಪಾಡಿಗೆ ಇರುತ್ತಾರೆ. ನನ್ನವುಗಳಲ್ಲಿ ಜನ ತಪ್ಪಿಸಿಕೊಳ್ಳುತ್ತಿದ್ದರು.

ಮುಂದಿನ ಭಾನುವಾರ ಕೊಬಾನ್ ಸಂತೆಗೆ ಹೋಗಬೇಕಿತ್ತು, ತರಕಾರಿ ಮುಗಿದಿತ್ತು. ಕ್ಯಾಮೆರಾ ಚೀಲದ ತಳದಲ್ಲಿತ್ತು. ಒಬ್ಬರ ಮುಂದೆ ಸೀಮೆ ಬದನೆಕಾಯಿ ಗುಡ್ಡೆ ಕಂಡಿತು. ಅಲ್ಲಿ ಅದಕ್ಕೆ 'ಗ್ವಿಸ್ಕಿಲ್' ಅನ್ನುತ್ತಾರೆ. ಅದರ ಮೂಲವೇ ಆ ಸೀಮೆ, ನಮ್ಮಲ್ಲಿಗೆ ಆಮೇಲೆ ಬಂದದ್ದು. ಕುಕ್ಕರಗಾಲಲ್ಲಿ ಕೂತು, ಎಳೆಯದು ಯಾವುದು ಅಂತ ಉಗುರಿನಲ್ಲಿ ಒತ್ತಿ ನೋಡತೊಡಗಿದೆ. ಆಕೆ ನಕ್ಕರು. ಒತ್ತಬೇಡ ಅಂತ ಕೈ ಮೇಲೆ ಮೆಲ್ಲಗೆ ಹೊಡೆದರು. ನಾಲ್ಕು ಕೊಂಡೆ, ಕೊಸರಿಗೆ ಒಂದು ಸಿಕ್ಕಿತು. ಆಮೇಲೆ ಕ್ಯಾಮೆರಾ ತೋರಿಸಿ ಕೇಳಿದೆ. ಹೂಂ ಅಂದರು. ಎಂಟು ತಿಂಗಳಲ್ಲಿ ನಾನು ತೆಗೆದ ಮೊದಲ ಸರಿಯಾದ ಫೋಟೊ ಅದು.

ಅವತ್ತಿನಿಂದ ನನ್ನ ಪದ್ಧತಿ ಒಂದೇ. ಸಂತೆಗೆ ಚೀಲ ಹಿಡಿದು ಹೋಗುವುದು. ನಿಜವಾಗಿಯೂ ಏನಾದರೂ ಬೇಕಾಗಿರಬೇಕು. ಟೊಮೆಟೊ, ದಾರ, ಛತ್ರಿ ರಿಪೇರಿ, ಏನಾದರೂ. ಸಂತೆಗೆ ಬಂದವರು ಗಿರಾಕಿಯನ್ನು ಒಂದು ರೀತಿ ನೋಡುತ್ತಾರೆ, ಸುಮ್ನೆ ಅಲೆಯುವವರನ್ನು ಇನ್ನೊಂದು ರೀತಿ. ಹೋಟೆಲಿನಲ್ಲಿ ಇರುವವರಿಗೆ ತರಕಾರಿ ಯಾಕೆ ಅನ್ನಿಸಬಹುದು. ಹಣ್ಣು ಕೊಳ್ಳಿ. ಬೆಣ್ಣೆಹಣ್ಣು, ಪಪ್ಪಾಯಿ, ಸೀತಾಫಲದ ಜಾತಿಯ ಹಣ್ಣುಗಳು ರಾಶಿ ರಾಶಿ ಇರುತ್ತವೆ. ಅಂಬಲಿಯಂಥ ಬಿಸಿ 'ಆತೊಲ್' ಮಾರುವವರ ಹತ್ತಿರ ಸ್ಟೂಲಿನ ಮೇಲೆ ಕೂತು ಒಂದು ಲೋಟ ಕುಡಿಯಿರಿ. ಅಲ್ಲಿ ಕೂತ ಹತ್ತು ನಿಮಿಷದಲ್ಲಿ ಸಂತೆ ನಿಮ್ಮನ್ನು ಮರೆತುಬಿಡುತ್ತದೆ.

ಯಾವ ಸಂತೆ, ಎಷ್ಟು ಹೊತ್ತಿಗೆ

ಚಿಚಿಗೆ ಹಿಂದಿನ ದಿನ ಸಂಜೆಯೇ ಹೋಗಿ ಉಳಿಯಿರಿ. ಮಾರುವವರು ಆಗಲೇ ಬಂದಿರುತ್ತಾರೆ. ಮರದ ಗಳು ಹೊತ್ತು ತಂದು, ಹಗ್ಗ ಬಿಗಿದು, ಅಂಗಡಿ ಕಟ್ಟುತ್ತಾರೆ. ಕೆಲವರು ಅಲ್ಲೇ ಮಲಗುತ್ತಾರೆ. ನನ್ನ ಮಟ್ಟಿಗೆ ಸಂತೆಗಿಂತ ಸಂತೆ ಕಟ್ಟುವುದೇ ಚೆಂದ. ಹೊರೆಗೆ ಕಟ್ಟಿದ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು, ಬೆನ್ನು ಬಾಗಿಸಿ ಗಂಡಸರು ಹತ್ತಿ ಬರುತ್ತಾರೆ. ಆ ಪಟ್ಟಿಗೆ 'ಮೆಕಾಪಾಲ್' ಅಂತ ಹೆಸರು. ಅವರಿಗೆ ದಾರಿ ಬಿಡಿ. ಹಣೆಯಲ್ಲಿ ಅಷ್ಟು ಭಾರ ಹೊತ್ತವರು ನಿಮ್ಮ ಫ್ರೇಮಿಗಾಗಿ ನಿಲ್ಲುವುದಕ್ಕೆ ಆಗುವುದಿಲ್ಲ.

ಬೆಳಿಗ್ಗೆ ಆರಕ್ಕೆಲ್ಲ ಹೊರಗಿರಿ. ಹತ್ತರ ಮೇಲೆ ಆಂತಿಗ್ವಾ, ಪನಾಹಚೆಲ್ ಕಡೆಯಿಂದ ಪ್ರವಾಸಿಗರ ವ್ಯಾನುಗಳು ಬರುತ್ತವೆ. ಚೌಕದ ನಡುವಿನ ಅಂಗಡಿಗಳು ಅವರಿಗಾಗಿಯೇ ಇವೆ: ಮುಖವಾಡ, ಚೀಲ, ಮೇಜಿನ ಹಾಸು. ಊರವರ ಸಂತೆ ಬೇಕಿದ್ದರೆ ಚೌಕದ ಉತ್ತರಕ್ಕಿರುವ ಮುಚ್ಚಿದ ಕಟ್ಟಡಕ್ಕೆ ಹೋಗಿ. ಒಳಗೆ ಇಡೀ ನೆಲ ತರಕಾರಿ. ಮೇಲಂತಸ್ತಿನಲ್ಲಿ ಸುತ್ತ ಮೊಗಸಾಲೆ ಇದೆ. ಅಲ್ಲಿಂದ ಕೆಳಗೆ ನೋಡಿದರೆ ಗುಡ್ಡೆಗಳು, ಬುಟ್ಟಿಗಳು, ಜಡೆಗಳು. ಎಲ್ಲ ಫೋಟೊ ಪುಸ್ತಕದಲ್ಲೂ ಇರುವ ಚಿತ್ರ ಅದು. ಒಂದು ತೆಗೆದುಕೊಂಡು ಕೆಳಗೆ ಇಳಿಯಿರಿ.

ಸಾಂತೊ ತೊಮಾಸ್ ಚರ್ಚು ಚೌಕದ ಪೂರ್ವಕ್ಕಿದೆ, ಮುಖ ಪಶ್ಚಿಮಕ್ಕೆ. 1540ರ ಸುಮಾರಿಗೆ ಕಟ್ಟಿದ್ದು. ಮುಂದಿನ ಮೆಟ್ಟಿಲು 18. ಮಾಯಾ ಪಂಚಾಂಗದ ತಲಾ 20 ದಿನದ 18 ತಿಂಗಳಿಗೆ ಒಂದೊಂದು ಎನ್ನುತ್ತಾರೆ. ಬೆಳಿಗ್ಗೆ ಸೂರ್ಯ ಚರ್ಚಿನ ಹಿಂದೆ ಇರುತ್ತಾನೆ, ಮೆಟ್ಟಿಲು ನೆರಳಲ್ಲಿ. ಹೂ ಮಾರುವ ಹೆಂಗಸರು ಅಲ್ಲೇ ಕೂರುತ್ತಾರೆ. ಮೇಲೆ ಕೊಪಾಲ್ ಧೂಪದ ಹೊಗೆ. ಮೆತ್ತನೆಯ ಬೆಳಕು, ಹೊಗೆಯ ಅಂಚಿಗೆ ಮಾತ್ರ ಬಿಸಿಲು. ಇದಕ್ಕಿಂತ ಒಳ್ಳೆಯ ಬೆಳಕು ಸಿಗುವುದಿಲ್ಲ. ಆದರೆ ಅದು ಪೂಜೆಯ ಜಾಗ. ಮೇಲೆ ಧೂಪ ಆಡಿಸುತ್ತಾ ಮಂತ್ರ ಹೇಳುವವರ ಹತ್ತಿರ ಹೋಗಿ ಕ್ಲಿಕ್ ಮಾಡಬೇಡಿ. ಚರ್ಚಿನೊಳಗೆ ಫೋಟೊ ಪೂರ್ತಿ ನಿಷಿದ್ಧ. ಮುಂಬಾಗಿಲಿನಿಂದ ನುಗ್ಗದೆ ಪಕ್ಕದ ಬಾಗಿಲಿನಿಂದ ಹೋಗಿ. ಕ್ಯಾಮೆರಾ ಕುತ್ತಿಗೆಯಿಂದ ತೆಗೆದು ಚೀಲದಲ್ಲಿಡಿ, ತೂಗಾಡುವುದೂ ಬೇಡ.

ಚಿಚಿ ಜಾಸ್ತಿ ಹೆಸರು ಮಾಡಿದೆ. ನನಗೆ ಹೆಚ್ಚು ಇಷ್ಟವಾದದ್ದು ಸೊಲೊಲಾ. ಅತಿತ್ಲಾನ್ ಸರೋವರದ ಮೇಲಿನ ಊರು. ಮಂಗಳವಾರ, ಶುಕ್ರವಾರ ಸಂತೆ, ಶುಕ್ರವಾರದ್ದು ದೊಡ್ಡದು. ಇಲ್ಲಿ ಗಂಡಸರೂ ನೇಯ್ದ ಬಟ್ಟೆ ತೊಡುತ್ತಾರೆ. ಕೋಟಿನ ಬೆನ್ನ ಮೇಲೆ ಬಾವಲಿಯ ಗುರುತು. ಕಕ್ಚಿಕೆಲ್ ಎಂಬ ಮಾಯಾ ಪಂಗಡದ ಹಳೆಯ ಅರಸು ಮನೆತನದ ಲಾಂಛನವಂತೆ ಅದು. ಮೊದಲ ಸಲ ಬರೀ ಬೆನ್ನುಗಳನ್ನು ತೆಗೆದು ಬೇಸರಪಟ್ಟುಕೊಂಡಿದ್ದೆನಲ್ಲ? ಇಲ್ಲಿ ಬೆನ್ನೇ ಬೇಕು.

ಶುಕ್ರವಾರ ಇನ್ನೊಂದು ಕಡೆಯೂ ಸಂತೆ: ಸಾನ್ ಫ್ರಾನ್ಸಿಸ್ಕೊ ಎಲ್ ಆಲ್ತೊ. 2600 ಮೀಟರ್ ಎತ್ತರ. ಗುಡ್ಡದ ಮೇಲೆ ಜಾನುವಾರು ಸಂತೆ, ನಸುಕಿನಲ್ಲೇ ಶುರು. ಚಳಿ ಅಂದರೆ ಚಳಿ. ಹಂದಿ, ಕುರಿ, ಟರ್ಕಿ ಕೋಳಿ, ನಾಯಿಮರಿ. ಹಗ್ಗ ಹಿಡಿದವರ ಮುಖದಲ್ಲಿ ನಮ್ಮ ದನದ ಜಾತ್ರೆಯ ಅದೇ ಗಂಭೀರ ಭಾವ. ಇಲ್ಲಿ ಪ್ರವಾಸಿಗರು ಕಮ್ಮಿ, ವ್ಯಾಪಾರ ಜೋರು. ನಿಮ್ಮ ಕಡೆ ನೋಡುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಕೊಬಾನ್ ಮತ್ತು ಅದರ ಪಕ್ಕದ ಸಾನ್ ಪೆದ್ರೊ ಕರ್ಚಾ ಯಾವ ಪ್ರವಾಸಿ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ. ನನಗೆ ಮಾತ್ರ ಅವು ಮನೆ ಇದ್ದ ಹಾಗೆ.

ಕೇಳುವುದು ಹೇಗೆ

ಸಂತೆಯಲ್ಲಿ ಹೆಂಗಸರನ್ನು 'ಸೆನ್ಯೊ' ಅಂತ ಕರೆಯಿರಿ. ನಮ್ಮ 'ಅಕ್ಕ'ನ ಜಾಗದಲ್ಲಿ ಅದು ಕೂರುತ್ತದೆ. ಗಂಡಸರಿಗೆ 'ದೊನ್'. ಮೊದಲು 'ಬ್ವೆನೊಸ್ ದಿಯಾಸ್'. ಇದನ್ನು ಹೇಳದೆ ಬೆಲೆ ಕೇಳುವುದೇ ಅಲ್ಲಿ ಒರಟುತನ. ಬೆಲೆಗೆ 'ಆ ಕೋಮೊ?' ಸಾಕು. ವ್ಯಾಪಾರ ಆದಮೇಲೆ 'ಲೆ ಪ್ವೆದೊ ತೊಮಾರ್ ಉನಾ ಫೊತೊ?' ಅಂದರೆ ನಿಮ್ಮದೊಂದು ಫೋಟೊ ತೆಗೆಯಲಾ ಅಂತ.

ಸ್ಪ್ಯಾನಿಶ್ ಅವರಿಗೂ ಎರಡನೇ ಭಾಷೆ, ನಮಗೂ. ಎಷ್ಟೋ ಅಜ್ಜಿಯರಿಗೆ ಅದು ಬರುವುದೇ ಇಲ್ಲ. ಕೊಬಾನ್ ಕಡೆ ಮಾತು ಕೆಕ್ಚಿ. ಅವರು ಎದುರಾದಾಗ 'ಮಾ ಸಾ ಸಾ ಲಾ ಚೋಲ್?' ಎನ್ನುತ್ತಾರೆ. ನಿಮ್ಮ ಎದೆಯೊಳಗೆ ಹಿತವಾಗಿದೆಯಾ ಅಂತ ಅರ್ಥ. ಧನ್ಯವಾದಕ್ಕೆ 'ಬಾಂತ್ಯೋಶ್'. ಕಿಚೆಯಲ್ಲಾದರೆ 'ಮಲ್ತ್ಯೋಶ್'. ನಾನು ತಪ್ಪಾಗಿ ಹೇಳಿದಾಗೆಲ್ಲ ಸಾಲಿನುದ್ದಕ್ಕೂ ನಗು ಹಬ್ಬುತ್ತಿತ್ತು. ನಗಲಿ ಬಿಡಿ. ನಗುತ್ತಿರುವವರು ಮುಖ ಮುಚ್ಚಿಕೊಳ್ಳುವುದಿಲ್ಲ.

ಬೇಡ ಅಂದರೆ ಬೇಡ. ತಲೆ ಒಂದು ಚೂರು ಅಲ್ಲಾಡಿದರೂ ಬೇಡ ಅಂತಲೇ. ಕ್ಯಾಮೆರಾ ಕೆಳಗಿಳಿಸಿ, ಗ್ರಾಸಿಯಾಸ್ ಅಂದು, ಕೊಂಡ ಸಾಮಾನು ತಗೊಂಡು ಹೋಗಿ. ಸೊಂಟದ ಹತ್ತಿರ ಕ್ಯಾಮೆರಾ ಹಿಡಿದು ಕದ್ದು ತೆಗೆಯುವ ಉಪಾಯವನ್ನು ಬಹಳ ಜನ ಕಲಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಬೇಡ ಅಂದವರ ಹತ್ತಿರ ಮಾಡಿದರೆ ಅದು ಕಳ್ಳತನವೇ.

ಹಾಗಂತ ಎಲ್ಲದಕ್ಕೂ ಕೇಳಬೇಕಾ? ಇಲ್ಲ. ಒಂದು ಓಣಿಯ ನೋಟ, ಟಾರ್ಪಾಲಿನ ಕೆಳಗೆ ನಡೆಯುವ ನೂರು ಜನ, ಬಸ್ಸಿನ ಮೇಲೆ ಬುಟ್ಟಿ ಏರಿಸುವುದು, ಇದಕ್ಕೆಲ್ಲ ಕೇಳುತ್ತಾ ಹೋಗುವುದಕ್ಕಾಗುವುದಿಲ್ಲ. ನನ್ನ ಲೆಕ್ಕ ಹೀಗಿದೆ. ಫೋಟೊದಲ್ಲಿ ಒಬ್ಬರನ್ನು ಅವರ ನೆಂಟರು ಗುರುತು ಹಿಡಿಯುವಷ್ಟು ಹತ್ತಿರ ಇದ್ದೇನಾ? ಹಾಗಿದ್ದರೆ ಕೇಳುತ್ತೇನೆ.

ದುಡ್ಡಿನ ವಿಷಯ. ಅಲ್ಲಿನ ಹಣ ಕೆತ್ಸಾಲ್. ಒಂದು ಕೆತ್ಸಾಲ್ ಅಂದರೆ ಹತ್ತು ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಚಿಚಿಯಲ್ಲಿ ಕೆಲವರು ಫೋಟೊಗೆ ಐದೋ ಹತ್ತೋ ಕೆತ್ಸಾಲ್ ಕೇಳುತ್ತಾರೆ. ಅವರಿಗೂ ಅದು ವ್ಯಾಪಾರ. ಒಪ್ಪಿದರೆ ಕೊಡಿ, ಇಲ್ಲದಿದ್ದರೆ ಮುಂದೆ ಹೋಗಿ, ಚೌಕಾಸಿ ಮಾತ್ರ ಬೇಡ. ನಾನು ಸಾಮಾನು ಕೊಳ್ಳುವವಳು, ಹಾಗಾಗಿ ಫೋಟೊಗೆ ಅಂತ ಕೊಟ್ಟದ್ದು ಕಮ್ಮಿ. ಮಕ್ಕಳಿಗೆ ಯಾವತ್ತೂ ಕೊಡಲಿಲ್ಲ. ಸಾಂತಿಯಾಗೊ ಅತಿತ್ಲಾನ್‌ನಲ್ಲಿ ಮಾಶಿಮೊನ್ ಎಂಬ, ಚುರುಟು ಸೇದುವ ದೈವವಿದೆ. ಅಲ್ಲಿ ಫೋಟೊಗೆ ಕಾಣಿಕೆ ಕೊಡಲೇಬೇಕು. ದೇವಸ್ಥಾನದ ರಸೀದಿ ಅಂದುಕೊಂಡು ಕೊಡಿ.

ಮಕ್ಕಳು

ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಏಪ್ರಿಲ್ 2000ದಲ್ಲಿ ತೊದೊಸ್ ಸಾಂತೊಸ್ ಎಂಬ ಗುಡ್ಡದ ಊರಿನ ಸಂತೆಗೆ ಜಪಾನಿನ ಪ್ರವಾಸಿಗರ ತಂಡ ಬಂತು. ಮಕ್ಕಳನ್ನು ಕದಿಯಲು ವಿದೇಶಿಗರು ಬರುತ್ತಾರೆ ಎಂಬ ಗಾಳಿಸುದ್ದಿ ಅದಕ್ಕೂ ಮೊದಲೇ ಹಬ್ಬಿತ್ತು. ಗುಂಪು ಒಬ್ಬ ಪ್ರವಾಸಿಯನ್ನೂ ಬಸ್ಸಿನ ಚಾಲಕನನ್ನೂ ಕೊಂದಿತು. 1994ರಲ್ಲಿ ಕೊಬಾನ್‌ಗೆ ಹತ್ತಿರದ ಸಾನ್ ಕ್ರಿಸ್ತೊಬಾಲ್‌ನಲ್ಲಿ ಅಮೆರಿಕದ ಮಹಿಳೆಯೊಬ್ಬರನ್ನು ಇದೇ ಸಂಶಯದಲ್ಲಿ ಪ್ರಜ್ಞೆ ತಪ್ಪುವಂತೆ ಹೊಡೆದಿದ್ದರು.

ಎಂಥ ಜನ ಅಂತ ಅನ್ನಿಸಿತಾ? ಜುಲೈ 2018ರಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯಲ್ಲ. ಮಕ್ಕಳಿಗೆ ಚಾಕಲೇಟ್ ಕೊಟ್ಟರು ಅಂತ ಹೈದರಾಬಾದಿನಿಂದ ಬಂದವರನ್ನು ಅಟ್ಟಿಸಿಕೊಂಡು ಹೋಗಿ, ಒಬ್ಬ ಎಂಜಿನಿಯರನ್ನು ಸಾಯಿಸಿದರು. ಇಲ್ಲಿ ವಾಟ್ಸಾಪ್, ಅಲ್ಲಿ ಬಾಯಿಮಾತು. ಅಷ್ಟೇ ವ್ಯತ್ಯಾಸ.

ಗ್ವಾಟೆಮಾಲಾದ ಭಯಕ್ಕೆ ಬೇರೂ ಇದೆ. 1960ರಿಂದ 1996ರವರೆಗೆ ಅಂತರ್ಯುದ್ಧ. 1999ರಲ್ಲಿ ಸತ್ಯಶೋಧನಾ ಆಯೋಗ ಕೊಟ್ಟ ಅಂದಾಜು: 2 ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಗುರುತು ಸಿಕ್ಕವರಲ್ಲಿ ಶೇ. 83 ಮಾಯಾ ಜನ. ನಿಮ್ಮ ಮುಂದೆ ಬಟಾಣಿ ಬಿಡಿಸುತ್ತಿರುವ ಅರವತ್ತು ದಾಟಿದ ಹೆಂಗಸು ಅದನ್ನೆಲ್ಲ ಕಂಡವರು. ಗುರುತಿಲ್ಲದವರು ಬಂದು ಮುಖ ದಾಖಲು ಮಾಡಿಕೊಳ್ಳುವುದು ಅವರಿಗೆ ಸಣ್ಣ ವಿಷಯ ಅಲ್ಲ.

ನನಗೂ ಒಂದು ಸಲ ಆಯಿತು. ಒಂದು ಚಿಕ್ಕ ಊರು. ತಾಯಿಯ ಬೆನ್ನಿಗೆ ಕಟ್ಟಿದ ಕೂಸು, ನೇಯ್ದ ಬಟ್ಟೆಯೊಳಗಿಂದ ಎರಡು ಕಣ್ಣು ಮಾತ್ರ. ಕೇಳದೆ ತೆಗೆದೆ. ತಾಯಿ ತಿರುಗಿ ಕೂಗಿದಳು. ಅರ್ಧ ನಿಮಿಷದಲ್ಲಿ ಏಳೆಂಟು ಗಂಡಸರು ಸುತ್ತ ನಿಂತರು. ನನ್ನ ಬಣ್ಣ, ಕೂದಲು ನೋಡಿ ಯಾವ ದೇಶ ಅಂತಲೂ ತಿಳಿಯದೆ ಅವರಿಗೂ ಗೊಂದಲ. ನಾನು ಕ್ಯಾಮೆರಾ ಆಕೆಯ ಕೈಗೇ ಕೊಟ್ಟೆ. ಪರದೆಯಲ್ಲಿ ಫೋಟೊ ತೋರಿಸಿ, ಅಳಿಸುವ ಗುಂಡಿ ಆಕೆಯ ಬೆರಳಿನಿಂದಲೇ ಒತ್ತಿಸಿದೆ. ಚೀಲದಲ್ಲಿದ್ದ ಈರುಳ್ಳಿ, ಕೊತ್ತಂಬರಿ ಹೊರಗೆ ಇಟ್ಟೆ. ಅದನ್ನು ಮಾರಿದ್ದ ಹೆಂಗಸು ಮುಂದಿನ ಸಾಲಿನಿಂದ ಏನೋ ಹೇಳಿದರು. ಗುಂಪು ಸಡಿಲವಾಯಿತು. ಮೊದಲ ಬಸ್ಸು ಹತ್ತಿದೆ, ಎಲ್ಲಿಗೆ ಅಂತಲೂ ನೋಡಲಿಲ್ಲ.

ಅಮ್ಮನನ್ನು ಕೇಳದೆ ಮಗುವಿನ ಫೋಟೊ ಬೇಡ. ಮಕ್ಕಳಿಗೆ ಸಿಹಿ ಹಂಚಬೇಡಿ. ಮಕ್ಕಳನ್ನು ಮುಟ್ಟಬೇಡಿ, ನಮ್ಮ ಕಡೆ ಕೆನ್ನೆ ಹಿಂಡುವ ಹಾಗೆ ಹಿಂಡಬೇಡಿ.

ಇನ್ನೂ ಕೆಲವು ಕಡೆ ಕ್ಯಾಮೆರಾ ಎತ್ತಬಾರದು. ಬ್ಯಾಂಕ್ ಮುಂದೆ ಬಂದೂಕು ಹಿಡಿದ ಕಾವಲುಗಾರರು, ಪೊಲೀಸರು, ಸೈನಿಕರು. ಕಬ್ಬಿಣದ ಸರಳಿನ ಹಿಂದೆ ಕೂತ ಕಿರಾಣಿ ಅಂಗಡಿಯವರು ನೋಡಲು ಚೆಂದವೇ, ಆದರೆ ಆ ಸರಳು ಇರುವುದೇ ಹೆದರಿಕೆಗೆ. ಬಸ್ಸಿನವರೂ ಹಾಗೇ. ಅಮೆರಿಕದ ಹಳೇ ಶಾಲಾ ಬಸ್ಸುಗಳು ಬಣ್ಣ ಬಳಿದುಕೊಂಡು ಅಲ್ಲಿ 'ಕಮಿಯೊನೆತಾ' ಆಗಿವೆ. ಬಾಗಿಲಲ್ಲಿ ನೇತಾಡುವ ಹುಡುಗ 'ಗ್ವಾತೆ ಗ್ವಾತೆ ಗ್ವಾತೆ' ಅಂತ, ಅಂದರೆ ರಾಜಧಾನಿಗೆ ಅಂತ, ಕೂಗುತ್ತಾನೆ. ಚಾಲಕರಿಂದ ಹಫ್ತಾ ವಸೂಲು ಮಾಡುವ ಗುಂಪುಗಳು ರಾಜಧಾನಿಯಲ್ಲಿವೆ, ಕೊಡದವರನ್ನು ಕೊಂದಿದ್ದಾರೆ. ಕೇಳಿ ತೆಗೆಯಿರಿ. ಸಣ್ಣ ಊರುಗಳಲ್ಲಾದರೆ ಆ ಹುಡುಗರೇ ಬಸ್ಸಿನ ಮುಂದೆ ಪೋಸು ಕೊಡುತ್ತಾರೆ.

ಬಟ್ಟೆಯ ಬಗ್ಗೆ ಒಂದು ಮಾತು

ಹೆಂಗಸರ ಮೇಲಂಗಿಗೆ 'ವಿಪಿಲ್' ಎಂದು ಹೆಸರು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ನೇಯುವ ಮಗ್ಗದಲ್ಲಿ ಒಂದು ವಿಪಿಲ್‌ಗೆ ತಿಂಗಳುಗಟ್ಟಲೆ ಬೇಕು. ಊರೂರಿಗೂ ಬೇರೆ ನಮೂನೆ. ಇದನ್ನು ಹತ್ತಿರದಿಂದ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ನಮೂನೆ ಕದ್ದು ಮಿಲ್ಲಿನಲ್ಲಿ ಅಚ್ಚು ಹಾಕಿಸಿ ಮಾರುವವರು ಅಲ್ಲಿದ್ದಾರೆ. ಇದರ ವಿರುದ್ಧ ನೇಕಾರ ಹೆಂಗಸರು 2016ರಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯಕ್ಕೇ ಹೋದರು. ಮುಖ ಬಿಟ್ಟು ಬರೀ ಎದೆಯ ಮೇಲಿನ ಕಸೂತಿಗೆ ಫೋಕಸ್ ಮಾಡಿದರೆ ನಿಮ್ಮನ್ನೂ ಆ ಲೆಕ್ಕಕ್ಕೇ ಸೇರಿಸುತ್ತಾರೆ. ಇಳಕಲ್ ಮಗ್ಗದ ಮುಂದೆ ಯಾರೋ ಬಂದು ಸುಮ್ನೆ ಸೆರಗಿನ ಫೋಟೊ ತೆಗೆದುಕೊಂಡು ಹೋದರೆ ನಮಗೆ ಹೇಗನ್ನಿಸುತ್ತದೆ?

ಕ್ಯಾಮೆರಾ, ಬೆಳಕು

ಉದ್ದ ಲೆನ್ಸ್ ಮನೆಯಲ್ಲಿರಲಿ. 28 ಅಥವಾ 35 ಎಂಎಂ ಸಾಕು. ನಾನು ಕೊನೆಗೆ ಒಬ್ಬ ಸಹೋದ್ಯೋಗಿಯ ರಿಕೊ ಜಿಆರ್ 3 ಎಂಬ ಪುಟ್ಟ ಕ್ಯಾಮೆರಾ ಕೊಂಡೆ. ಕಾಲು ಕೆ.ಜಿ. ತೂಕ, ಅಂಗೈಯಲ್ಲಿ ಮುಚ್ಚಿ ಹೋಗುತ್ತದೆ. ಬ್ಯಾಟರಿ ಮಾತ್ರ ದಂಡ, ಎರಡು ಹೆಚ್ಚಿಗೆ ಬೇಕು. ಒಳ್ಳೆಯ ಫೋನ್ ಇದ್ದರೆ ಅದೂ ನಡೆಯುತ್ತದೆ. ಜನರಿಗೆ ಫೋನಿನ ಭಯ ಇನ್ನೂ ಕಮ್ಮಿ. ರಾಜಧಾನಿಯಲ್ಲಿ ಮಾತ್ರ ಫೋನ್ ಕೈಯಲ್ಲಿ ಹಿಡಿದು ನಡೆಯಬೇಡಿ, ಕಿತ್ತುಕೊಳ್ಳುತ್ತಾರೆ.

ಸಂತೆಯಲ್ಲಿ ಫೋಕಸ್ ಹುಡುಕುತ್ತಾ ಕೂತರೆ ಗಳಿಗೆ ಹೋಗಿಬಿಡುತ್ತದೆ. ಜಿಆರ್‌ನಂಥ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಬೆಳಕಿನ ಕಂಡಿ ಎಫ್/8ಕ್ಕೆ ಇಟ್ಟು, ಫೋಕಸ್ 2 ಮೀಟರಿಗೆ ಕಟ್ಟಿಬಿಡಿ. ಒಂದು ಮೀಟರಿನಿಂದ ಸುಮಾರು ಇಪ್ಪತ್ತು ಮೀಟರ್ ತನಕ ಸ್ಪಷ್ಟ ಬರುತ್ತದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ 28 ಎಂಎಂ ಲೆನ್ಸ್ ಹಾಕಿ ಎಫ್/8ರಲ್ಲಿ ಎರಡೂವರೆ ಮೀಟರಿಗೆ ಕಟ್ಟಿದರೆ ಒಂದೂವರೆಯಿಂದ ಹತ್ತು ಮೀಟರ್ ತನಕ ಸಿಗುತ್ತದೆ. ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕಮ್ಮಿ ಬೇಡ. ರೊಟ್ಟಿ ತಟ್ಟುವ ಕೈ ಇದ್ದರೆ 1/500. ಜೋಳದ ತೊರ್ತಿಯಾ ತಟ್ಟುವ ಸದ್ದು ನಮ್ಮ ರೊಟ್ಟಿ ತಟ್ಟುವ ಸದ್ದೇ. ಜೋಳ ಅಂದರೆ ಮುಸುಕಿನ ಜೋಳ, ಸುಣ್ಣದ ನೀರಲ್ಲಿ ಬೇಯಿಸಿದ್ದು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೊಗೆ ಬಿಡಿ, 6400 ತನಕ ಹೋಗಲಿ.

ಕೊಬಾನ್ ಮತ್ತು ನಮ್ಮ ಧಾರವಾಡ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 15 ಡಿಗ್ರಿ ಚಿಲ್ಲರೆ. ಸೂರ್ಯನ ಆಟ ನಮಗೆ ಗೊತ್ತಿರುವುದೇ. ನಡುಹಗಲು ನೆತ್ತಿಯ ಮೇಲೆ ಬಂದಾಗ ಹುಲ್ಲಿನ ಟೊಪ್ಪಿಯ ಕೆಳಗೆ ಮುಖವೇ ಕಾಣುವುದಿಲ್ಲ. ಆಗ ಒಂದು ಉಪಾಯವಿದೆ. ತರಕಾರಿ ಹರಡುವುದಕ್ಕೆ ಬಿಳೀ ಗೊಬ್ಬರದ ಚೀಲ ಬಿಡಿಸಿ ಹಾಸಿರುತ್ತಾರೆ. ಬಿಸಿಲು ಅದಕ್ಕೆ ಬಡಿದು ಮೇಲಕ್ಕೆ, ಮುಖಕ್ಕೆ ಬರುತ್ತದೆ. ಸ್ಟುಡಿಯೊದಲ್ಲಿ ದುಡ್ಡು ಕೊಟ್ಟು ತರುವ ರಿಫ್ಲೆಕ್ಟರ್ ಇಲ್ಲಿ ಪುಕ್ಕಟೆ. ಅಂಥ ಚೀಲ ಹಾಸಿದವರ ಎದುರು ಕೂತುಬಿಡಿ.

ಕೂರಲೇಬೇಕು. ಮಾರುವವರು ನೆಲದ ಮೇಲೆ ಮಂಡಿ ಮಡಚಿ ಕೂತಿರುತ್ತಾರೆ. ನಿಂತು ತೆಗೆದರೆ ನೆತ್ತಿ ಬರುತ್ತದೆ, ಜೊತೆಗೆ ಯಜಮಾನ ಆಳನ್ನು ನೋಡಿದ ಹಾಗೆ ಕಾಣುತ್ತದೆ. ಕುಕ್ಕರಗಾಲಲ್ಲಿ ಕೂರುವುದು ನಮಗೆ ಹುಟ್ಟಿನಿಂದ ಬಂದದ್ದು. ಯುರೋಪಿನ ಫೋಟೊಗ್ರಾಫರುಗಳು ಎರಡು ನಿಮಿಷಕ್ಕೆ ಮಂಡಿ ಹಿಡಿದುಕೊಂಡು ಏಳುವುದನ್ನು ನೋಡಿದ್ದೇನೆ.

ಟಾರ್ಪಾಲು ದೊಡ್ಡ ತಲೆನೋವು. ನೀಲಿ ಟಾರ್ಪಾಲಿನ ಕೆಳಗೆ ಮುಖ ನೀಲಿ, ಟೊಮೆಟೊ ನೇರಳೆ. ಆಮೇಲೆ ಬಣ್ಣ ತಿದ್ದಲು ಬರುವ ರಾ ಫಾರ್ಮ್ಯಾಟಿನಲ್ಲಿ ತೆಗೆದರೂ ಪೂರ್ತಿ ಸರಿಹೋಗುವುದಿಲ್ಲ. ಟಾರ್ಪಾಲಿನ ಅಂಚಿಗೆ ಬನ್ನಿ. ಅಲ್ಲಿ ಪಕ್ಕದಿಂದ ಬಿಳಿ ಬೆಳಕು ಬೀಳುತ್ತದೆ, ಹಿಂದೆ ಕತ್ತಲು. ಅಥವಾ ಕಪ್ಪುಬಿಳುಪು ಮಾಡಿ. ಆದರೆ ಅಲ್ಲಿನ ಬಣ್ಣ ಬಿಟ್ಟು ಕಪ್ಪುಬಿಳುಪು ಮಾಡುವುದಕ್ಕೆ ನನಗೆ ಯಾವತ್ತೂ ಮನಸ್ಸು ಬರಲಿಲ್ಲ.

ಮೇ ತಿಂಗಳಿನಿಂದ ಅಕ್ಟೋಬರ್ ತನಕ ಮಳೆಗಾಲ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಸುರಿಯುತ್ತದೆ. ನವೆಂಬರಿನಿಂದ ಏಪ್ರಿಲ್ ಒಣ ಕಾಲ. ನೀವು ಮಲೆನಾಡಿನವರಾದರೆ ಮಳೆಗಾಲದಲ್ಲೇ ಹೋಗಿ. ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಮಾರುವವರು, ಕಲ್ಲುಹಾಸಿನ ಮೇಲೆ ನೀರು, ಎಲ್ಲವೂ ಎರಡು ಸಲ ಕಾಣುತ್ತದೆ.

ಪ್ರಿಂಟು ಹಾಕಿಸಿ, ವಾಪಸ್ ಹೋಗಿ

ಓಡುವ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಅಂತ ತೋರಿಸಿದ ಎಡ್ವರ್ಡ್ ಮೈಬ್ರಿಜ್ ಗೊತ್ತಲ್ಲ, ಆತ 1875ರಲ್ಲಿ ಗ್ವಾಟೆಮಾಲಾದಲ್ಲಿದ್ದ. ಒಂದು ಹಡಗು ಕಂಪನಿಗಾಗಿ ಕಾಫಿ ತೋಟ, ಊರು, ಕೂಲಿಯವರ ಫೋಟೊ ತೆಗೆದ. ಹೊರಗಿನವರು ಈ ಜನರ ಫೋಟೊ ತೆಗೆಯುತ್ತಾ ಸುಮಾರು 150 ವರ್ಷ ಆಯಿತು. ನನ್ನ ಮುಂದೆ ಕೂತ ಎಷ್ಟು ಜನರ ಮನೆಯಲ್ಲಿ ಹಾಗೆ ತೆಗೆದ ಒಂದು ಪ್ರತಿ ಇದೆ? ನಾನು ಕೇಳಿದ ಯಾರ ಮನೆಯಲ್ಲೂ ಇರಲಿಲ್ಲ.

ವಾರದ ಸಂತೆಯ ಲಾಭವೇ ಇದು. ಅದೇ ಹೆಂಗಸು, ಅದೇ ಜಾಗ, ಮುಂದಿನ ವಾರ. ಊರಿನಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವ ಅಂಗಡಿ ಇದ್ದೇ ಇರುತ್ತದೆ. 10×15 ಸೆಂಟಿಮೀಟರ್ ಅಳತೆಯ ಪ್ರಿಂಟು ಹಾಕಿಸಿ. ಹೆಸರು ಕೇಳದಿದ್ದರೆ ಹಿಂದೆ ಗುರುತು ಬರೆದುಕೊಳ್ಳಿ: 'ಮೂರನೇ ಸಾಲು, ಬೆಳ್ಳುಳ್ಳಿ, ಪಕ್ಕ ಕಂಬ'. ಅವಸರದ ಪ್ರವಾಸದಲ್ಲಿದ್ದರೆ ಒಂದೇ ಊರಿನ ಎರಡು ಸಂತೆ ಸಿಗುವ ಹಾಗೆ ದಿನ ಹೊಂದಿಸಿಕೊಳ್ಳಿ. ಚಿಚಿಯಲ್ಲಿ ಭಾನುವಾರ ತೆಗೆದು ಗುರುವಾರ ಕೊಡಬಹುದು. ಐದು ಊರು ನೋಡುವ ಬದಲು ಎರಡು ಊರು ನೋಡಿ.

ಕೊಬಾನ್‌ನ ಆ ಗ್ವಿಸ್ಕಿಲ್ ಮಾರುವ ಸೆನ್ಯೊಗೆ ಮೊದಲ ಪ್ರಿಂಟು ಒಯ್ದೆ. ನನಗೆ ಬಹಳ ಹೆಮ್ಮೆ. ಪಕ್ಕದ ಬೆಳಕು, ಅರ್ಧ ನಗು, ಸುಕ್ಕುಗಳು ಒಂದೊಂದೂ ಎಣಿಸುವ ಹಾಗೆ. ಆಕೆ ಕೈ ಒರೆಸಿಕೊಂಡು ತಗೊಂಡರು. ನೋಡಿದರು. ಪಕ್ಕದವರಿಗೆ ತೋರಿಸಿದರು. ಅವರಲ್ಲೇ ಮಾತಾಯಿತು. ಸ್ಪ್ಯಾನಿಶ್ ಬರುವ ಮಗಳು ನನಗೆ ಹೇಳಿದಳು: "ಬುಟ್ಟಿ ಎಲ್ಲಿ ಅಂತ ಕೇಳ್ತಿದ್ದಾರೆ."

ಬುಟ್ಟಿಯನ್ನು ನಾನು ಫ್ರೇಮಿನಿಂದ ಆಚೆ ಕತ್ತರಿಸಿದ್ದೆ. ಮುಖ ಚೆನ್ನಾಗಿ ಬರಲಿ ಅಂತ.

ಆಕೆ ಎದ್ದು ನಿಂತರು. ವಿಪಿಲ್ ಕೊಡವಿ ಸರಿಮಾಡಿಕೊಂಡರು. ಗ್ವಿಸ್ಕಿಲ್‌ಗಳನ್ನೆಲ್ಲ ಬುಟ್ಟಿಯಲ್ಲಿ ಮತ್ತೆ ಜೋಡಿಸಿದರು, ಎಳೆಯವು ಮೇಲೆ, ಬಲಿತವು ಕೆಳಗೆ. ಬುಟ್ಟಿ ಮುಂದಿಟ್ಟು, ಎರಡೂ ಕೈ ಇಳಿಬಿಟ್ಟು, ನಗದೆ ನೇರ ನಿಂತರು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಬುಟ್ಟಿ ಪೂರ್ತಿ ಬರುವಷ್ಟು.